ಮಾಂಬಳದ ಆರನೆಯ ಪದರ

"ಕಿಟ್ಟಣ್ಣ, ಸಂಜೆಯೊಳಗೆ ಅಂಗಡಿ ಖಾಲಿ ಮಾಡ್ಬೇಕಂತೆ. ಇಪ್ಪತ್ತು ವರ್ಷದ ಜಾಗ. ನಾನೆಲ್ಲಿಗೆ ಹೋಗುದು ಮಾರಾಯ್ರೆ?"

ಎಂಬತ್ತೊಂದರ ಮೇ ತಿಂಗಳ ಒಂದು ಬುಧವಾರ ಬೆಳಿಗ್ಗೆ ಇದ್ದಿಲು ಮಾರುವ ಮಸಿ ವ್ಯಾಪಾರಿ ಮೂಸಕುಂಞಿ ನಮ್ಮ ಹೊಲಿಗೆ ಅಂಗಡಿಯ ಮೆಟ್ಟಿಲಲ್ಲಿ ಕುಳಿತು ಹೀಗೆ ಕೇಳಿದರು. ಪುತ್ತೂರು ಪೇಟೆಗೆ ಇಳಿಯುವ ರಸ್ತೆಯ ತಿರುವಿನಲ್ಲಿ ನಮ್ಮ ಅಂಗಡಿ ಇತ್ತು. ಟೈಲರ್ ಕಿಟ್ಟಣ್ಣ ಹೊಲಿಯುವುದು, ನಾನು ಗುಂಡಿ ಹಾಕುವುದು. ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಕಿಟ್ಟಣ್ಣನ ಬಳಿ ಬರುತ್ತಿದ್ದರು.

ಮೂಸಕುಂಞಿಯವರ ಅಂಗಡಿಯ ಪಕ್ಕದ ಮನೆಯ ವಾರಿಜಾಕ್ಷಿ ಅದೇ ರಸ್ತೆ ಬದಿಯ ಜಗಲಿಯಲ್ಲಿ ಮಾಂಬಳ ಮಾಡುತ್ತಿದ್ದಳು. ಮಾವಿನ ಹಣ್ಣಿನ ರಸವನ್ನು ಚಾಪೆಗೆ ಹೊಯ್ದು ಒಣಗಿಸಿ, ಮರುದಿನ ಅದರ ಮೇಲೆ ಮತ್ತೊಂದು ಪದರ ಹೊಯ್ಯುವುದು. ಈ ಸಲ ಅದಕ್ಕೆ ಕಪ್ಪು ಹುಡಿ ಬಿದ್ದಿತ್ತು. "ಯಾರೋ ಮಸಿ ಹಾಕಿದ್ದಾರೆ" ಎಂದು ಅವಳು ಕೂಗಿದ್ದೇ ತಡ, ಎಲ್ಲರೂ ಮಸಿ ಅಂಗಡಿಯತ್ತ ತಿರುಗಿದರು. ಕಟ್ಟಡದ ಧಣಿ ಕೃಷ್ಣಮೋಹನ ಕೂಡಲೇ ತೀರ್ಪು ಕೊಟ್ಟುಬಿಟ್ಟರು.

ಕಿಟ್ಟಣ್ಣ ಕತ್ತರಿ ಹಿಡಿದು ಹೊರಟರು. ಮಾಂಬಳದ ಒಂದು ಮೂಲೆ ಬೇಕೆಂದಾಗ ವಾರಿಜಾಕ್ಷಿಗೆ ಸಿಟ್ಟು ಬಂತು.

"ಕತ್ತರಿಸ್ಲಿಕ್ಕೆ ಇದೆಂತ ನಿಮ್ಮ ಪ್ಯಾಂಟಿನ ಬಟ್ಟೆಯಾ?"

"ಬಟ್ಟೆಯಾದ್ರೆ ನಾನು ಕೇಳ್ತಿರ್ಲಿಲ್ಲ, ವಾರಿಜ."

ಕತ್ತರಿಸಿದ ಅಂಚಿನಲ್ಲಿ ಒಂಬತ್ತು ಪದರಗಳು ಸ್ಪಷ್ಟವಾಗಿ ಕಂಡವು. ಕೆಳಗಿನ ಮೂರು ಹಳದಿ. ನಾಲ್ಕನೆಯದರಿಂದ ಮೇಲೆ ಪ್ರತಿ ಪದರದಲ್ಲೂ ಕಪ್ಪು ಗೆರೆ. ಆರನೆಯದು ಮಾತ್ರ ಹಳದಿ.

"ಕೊನೆಯದು ನಿನ್ನೆ ಮಂಗಳವಾರದ್ದು. ಹಾಗಾದ್ರೆ ಆರನೆಯದು ಶನಿವಾರದ್ದು. ಶೀನಪ್ಪ, ಶನಿವಾರ ಇಲ್ಲಿ ಎಂತ ಆಗಿತ್ತು?" ಕಿಟ್ಟಣ್ಣ ನನ್ನನ್ನು ಕೇಳಿದರು.

ನನಗೆ ನೆನಪಿತ್ತು. "ಮಸಿಯ ಲಾರಿ ಬಂದಿತ್ತು, ನಲವತ್ತು ಚೀಲ ಇಳಿಸಿದ್ರು. ದಿನಾ ಈ ಇಳಿಜಾರಲ್ಲಿ ಹೋಗುವ ಚೆನ್ನಪ್ಪನ ಬಸ್ಸು ದಿಬ್ಬಣಕ್ಕೆಂದು ಸುಳ್ಯಕ್ಕೆ ಹೋಗಿತ್ತು. ನಾನು ನರಿಮೊಗರಿಗೆ ನಡೆದೇ ಹೋದದ್ದು."

ಕಿಟ್ಟಣ್ಣ ಹೂಂ ಎಂದರು. ಅಂಗಡಿಗೆ ಬಂದು ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿಸಿದರು. ಒಂದರಲ್ಲಿ ಮಾಂಬಳದ ತುಂಡನ್ನು ಕದಡಿದರು, ಇನ್ನೊಂದಕ್ಕೆ ಮಸಿಯ ಹುಡಿ ಹಾಕಿದರು. ನೆಲಕ್ಕೆ ಬಿದ್ದ ಸೂಜಿ ಹೆಕ್ಕುವ ಅಯಸ್ಕಾಂತವನ್ನು ಲೋಟಗಳ ಹೊರಗೆ ಆಡಿಸಿ ನೋಡಿದರು. ಮಧ್ಯಾಹ್ನ ಚೆನ್ನಪ್ಪನ ಬಸ್ಸು ಇಳಿಯುವಾಗ ರಸ್ತೆಗೆ ನಡೆದು ಕೈ ಅಡ್ಡ ಹಿಡಿದರು.

ನಾಲ್ಕು ಗಂಟೆಗೆ ಎಲ್ಲರೂ ನಮ್ಮ ಅಂಗಡಿಯ ಮುಂದೆ ಸೇರಿದರು. ಮೂಸಕುಂಞಿ ಆಗಲೇ ಕೈಗಾಡಿಗೆ ಚೀಲ ಹೇರಿದ್ದರು.

"ಮಸಿ ಹಾರುದಾದ್ರೆ ಶನಿವಾರ ಅತಿ ಹೆಚ್ಚು ಹಾರ್ಬೇಕಿತ್ತು, ಧಣಿ. ಆ ದಿನವೇ ಮಾಂಬಳ ಶುದ್ಧ ಉಂಟು. ಆ ದಿನ ಇಲ್ಲದ್ದು ಚೆನ್ನಪ್ಪನ ಬಸ್ಸು ಮಾತ್ರ" ಎಂದರು ಕಿಟ್ಟಣ್ಣ.

ಕಿಟ್ಟಣ್ಣ ಲೋಟಗಳನ್ನು ಎತ್ತಿ ತೋರಿಸಿದರು. ಅಯಸ್ಕಾಂತ ಮೇಲಕ್ಕೆ ಹೋದಂತೆ ಮಾಂಬಳದ ಕಪ್ಪು ಹುಡಿ ಗಾಜಿನ ಒಳಗೆ ಇರುವೆಗಳ ಸಾಲಿನಂತೆ ಹತ್ತಿತು. ಮಸಿ ಕದಲಲಿಲ್ಲ.

"ಇದು ಕಬ್ಬಿಣ. ಕಪ್ಪಾದದ್ದಕ್ಕೆಲ್ಲ ನಾವು ಮಸಿ ಅನ್ನುದು, ಮಸಿ ಅಂದ ಕೂಡಲೇ ಇವರ ಅಂಗಡಿ ನೋಡುದು."

"ಬಸ್ಸಿನ ಹೊಗೆಯಾ ಹಾಗಾದ್ರೆ?" ಧಣಿ ಕೇಳಿದರು.

"ಹೊಗೆಯಲ್ಲ, ಬ್ರೇಕು." ಕಿಟ್ಟಣ್ಣ ಚಕ್ರದಿಂದ ಬಿಚ್ಚಿಸಿದ ಬ್ರೇಕ್ ಶೂವನ್ನು ಮೇಜಿನ ಮೇಲಿಟ್ಟರು. "ಇದರ ಮೇಲೆ ಲೈನಿಂಗ್ ಅಂತ ದಪ್ಪ ಪಟ್ಟಿ ಇರ್ಬೇಕು. ಅದು ಕಳೆದ ಗುರುವಾರ ಸವೆದು ಮುಗಿದಿದೆ. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಹುಡಿ ಹಾರಿದೆ. ಚೆನ್ನಪ್ಪ, ಇಳಿಜಾರಲ್ಲಿ ಗೇರು ಹಾಕ್ತಿಯಾ?"

ಚೆನ್ನಪ್ಪ ತಲೆ ಕೆರೆದುಕೊಂಡ. "ನ್ಯೂಟ್ರಲ್ ಮಾಡಿದ್ರೆ ಡೀಸೆಲ್ ಉಳಿತದೆ ಅಂತ..."

"ಡೀಸೆಲ್ ಉಳಿತದೆ. ಇಡೀ ಭಾರ ಬ್ರೇಕಿಗೆ ಬಿದ್ದು, ಅದು ಹೋಗಿದ್ರೆ ಅರುವತ್ತು ಜನ ಉಳಿತಿರ್ಲಿಲ್ಲ."

ಧಣಿ ಬ್ರೇಕ್ ಶೂ ಮುಟ್ಟಿ ನೋಡಿ ಕೇಳಿದರು, "ಲೈನಿಂಗ್ ಹಾಕಿದ್ರೆ ಇನ್ನು ಹುಡಿ ಬರುದಿಲ್ಲವಲ್ಲ?"

"ಕಡಿಮೆ ಆದೀತು. ಬ್ರೇಕು, ಟಯರು ಎಲ್ಲ ಗಾಡಿಯದ್ದೂ ಸವೆತದೆ. ಅದು ಹೊಗೆಯ ಹಾಗೆ ಕಾಣುದಿಲ್ಲ ಅಷ್ಟೆ. ಅದಕ್ಕೆ ಯಾರನ್ನು ಒಕ್ಕಲೆಬ್ಬಿಸ್ತೀರಿ?"

ಧಣಿ ಮೂಸಕುಂಞಿಯ ಮುಖ ನೋಡದೆ, "ಚೀಲ ಒಳಗಿಡಿ" ಎಂದು ಹೊರಟುಹೋದರು.

ಕೈಗಾಡಿಯ ಮೊದಲ ಚೀಲದ ಒಂದು ತುದಿಯನ್ನು ಮೂಸಕುಂಞಿ ಹಿಡಿದರು. ಇನ್ನೊಂದು ತುದಿಯನ್ನು ವಾರಿಜಾಕ್ಷಿ ಎತ್ತಿದಳು. ಒಳಗಿಟ್ಟು ಬಂದಾಗ ಅವಳ ಎರಡೂ ಅಂಗೈ ಕಪ್ಪಾಗಿದ್ದವು.

"ಇದು ಮಾತ್ರ ನನ್ನದೇ, ವಾರಿಜಕ್ಕ" ಎಂದರು ಮೂಸಕುಂಞಿ.

ಅವಳು ನಕ್ಕು ಎರಡನೆಯ ಚೀಲಕ್ಕೆ ಕೈ ಹಾಕಿದಳು.