ಹುಲಿಯಮ್ಮನ ಗೋಡೆ

ಆ ಗೋಡೆ ಇನ್ನು ಇರುವುದಿಲ್ಲ ಎಂಬ ಸುದ್ದಿ ರವಿಶಂಕರನಿಗೆ ಮದುವೆಯ ಕರೆಯೋಲೆಯ ಜೊತೆಗೇ ಬಂತು. ಮಾರಪ್ಪ ತೀರ್ಥಹಳ್ಳಿಯಲ್ಲಿದ್ದ ಅವನ ಪ್ರೆಸ್ಸಿಗೆ ಬಂದು, ಎಲೆ ಅಡಿಕೆ ಇಟ್ಟು, ಮಗಳು ಸ್ವಪ್ನಾಳ ಮದುವೆ ನಿಶ್ಚಯವಾದದ್ದನ್ನು ಹೇಳಿದ. ಪದ್ಧತಿಯಂತೆ ಪಡಸಾಲೆಯ ಗೋಡೆಗೆ ಕೆಮ್ಮಣ್ಣು ಸಾರಿಸಿ ಹೊಸ ಹಸೆ ಚಿತ್ತಾರ ಬರೆಸಬೇಕು, ನೀವು ಬರಲೇಬೇಕು ಎಂದ. ಈಗ ಇರುವ ಚಿತ್ತಾರದ ಗತಿಯೇನು ಎಂದು ರವಿಶಂಕರ ಕೇಳಿದ.

"ಹಳೇದ್ರ ಮೇಲೇ ಸಾರ್ಸದು ಸರ್. ಇನ್ನೆಲ್ಲಿ ಎತ್ತಿ ಇಡಾದು ಅದ್ನ?" ಎಂದು ಮಾರಪ್ಪ ನಕ್ಕ.

ನಕ್ಕದ್ದೇ ತಪ್ಪಾಯಿತು. ಎತ್ತಿ ಇಡಬಹುದು ಎಂಬುದು ರವಿಶಂಕರನಿಗೆ ಗೊತ್ತಿತ್ತು.

ಆನಂದಪುರದಿಂದ ಒಳಗೆ ಹೋದರೆ ಸಿಗುವ ಊರು ಮಾರಪ್ಪನದು. ಮಾರಪ್ಪನ ತಾಯಿ ಹುಲಿಯಮ್ಮ ಮಗನ ಮದುವೆಗೆಂದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಆ ಗೋಡೆ ತುಂಬ ಬರೆದಿದ್ದಳು. ಚೌಕದೊಳಗೆ ಚೌಕ, ದಂಡಿಗೆ ಹೊತ್ತವರ ಸಾಲು, ಬತ್ತದ ತೆನೆ, ಹಾರಲು ಮನಸ್ಸಿಲ್ಲದೆ ಕೂತಂತಿದ್ದ ಹಕ್ಕಿಗಳು. ಸಾಗರದಿಂದ ಹೊಸನಗರದವರೆಗೆ ಅವನು ನೋಡದ ಚಿತ್ತಾರವಿಲ್ಲ, ಇಂಥದ್ದು ಇನ್ನೊಂದಿರಲಿಲ್ಲ. ಇನ್ನು ಹುಟ್ಟುವಂತೆಯೂ ಇರಲಿಲ್ಲ, ಏಕೆಂದರೆ ಹುಲಿಯಮ್ಮನಿಗೆ ಈಗ ಕಣ್ಣು ಕಾಣುತ್ತಿರಲಿಲ್ಲ. ಆ ಗೋಡೆ ಹಿಡಿದುಕೊಂಡೇ ಪಡಸಾಲೆಯಿಂದ ಜಗಲಿಗೆ, ಜಗಲಿಯಿಂದ ಪಡಸಾಲೆಗೆ ನಡೆಯುತ್ತಿದ್ದಳು. ತನ್ನ ಮ್ಯೂಸಿಯಂಗೆ ಕೊಡಿ ಎಂದು ರವಿಶಂಕರ ಮತ್ತೆ ಮತ್ತೆ ಕೇಳಿದ್ದ. ಗೋಡೆ ಕೊಟ್ಟು ಬಯಲಲ್ಲಿ ಮಲಗೋಣವೇ ಎಂದು ಮಾರಪ್ಪ ಪ್ರತಿ ಸಲವೂ ಕಾಫಿ ಕುಡಿಸಿ ಕಳಿಸಿದ್ದ.

ಹೊಸನಗರದ ಆ ಮ್ಯೂಸಿಯಂ ಎಂದರೆ ಹಳೆಯ ಅಕ್ಕಿ ಗಿರಣಿಯ ಗೋದಾಮು. ಭೂಮಿ ಹುಣ್ಣಿಮೆಯ ಬಣ್ಣದ ಬುಟ್ಟಿಗಳು, ಗಂಧದ ಕೆತ್ತನೆ, ಮಣ್ಣಿನ ಮುಖವಾಡಗಳು. ಬರುವವರು ಹೆಚ್ಚಾಗಿ ಬಸ್ಸು ತಪ್ಪಿಸಿಕೊಂಡವರು. ಫ್ಯಾನಿನ ಕೆಳಗೆ ನಿಂತು, ಬುಟ್ಟಿಗೆ ಬೆನ್ನು ಮಾಡಿ, ಫೋನು ನೋಡುತ್ತಿದ್ದರು. ಹೆಂಡತಿ ಸುಚಿತ್ರಾ, ಸತ್ತವರ ಬುಟ್ಟಿಗಳ ಜೊತೆಗೇ ಸಂಸಾರ ಮಾಡಿ ಎಂದು ಹೇಳಿ ಸಾಗರಕ್ಕೆ ಹೋಗಿ ಬಹಳ ಕಾಲವಾಗಿತ್ತು. ಅವನು ಹಾಗೆಯೇ ಮಾಡಿಕೊಂಡಿದ್ದ.

ಉಳಿದದ್ದು ಪ್ರೆಸ್ಸು. ಸೀಸದ ಅಚ್ಚುಮೊಳೆಗಳನ್ನು ಕೈಯಲ್ಲಿ ಜೋಡಿಸಿ, ಕೈಯಲ್ಲೇ ಮಾಡಿದ ಕಾಗದದ ಮೇಲೆ ಒತ್ತಿ, ವರ್ಷಕ್ಕೊಂದು ಪುಸ್ತಕ ತರುತ್ತಿದ್ದ. ಕೊಂಡವರು ಗಾಜಿನ ಕಪಾಟಿನಲ್ಲಿ ಇಡುತ್ತಿದ್ದರು, ಓದುತ್ತಿರಲಿಲ್ಲ. ಪ್ರೆಸ್ಸಿಗೆ ಯಾರೇ ಬರಲಿ, ಕಣ್ಣು ಮುಚ್ಚಿಸಿ, ಪುಟದ ಮೇಲೆ ಬೆರಳು ಓಡಿಸಿ, ಒಳ್ಳೆಯ ಅಚ್ಚು ಕಾಣಬಾರದು, ತಾಗಬೇಕು ಎನ್ನುತ್ತಿದ್ದ. ಚಿತ್ತಾರಗಳ ಪುಸ್ತಕ ತಂದಾಗ ಹುಲಿಯಮ್ಮನ ಬೆರಳನ್ನೂ ಹಾಗೆ ಓಡಿಸಿದ್ದ. ಆಕೆ ಬಹಳ ಹೊತ್ತು ಸವರಿ, "ನಮ್ ಗೋಡೆ ಮುಟ್ಟಿದಂಗೇ ಅದೆ ಮಗಾ" ಎಂದಿದ್ದಳು. ಆ ಮಾತನ್ನು ಅವನು ಎರಡು ಭಾಷಣಗಳಲ್ಲಿ ಬಳಸಿಕೊಂಡಿದ್ದ.

ಯೋಜನೆ ತಾನಾಗಿ ಮೂಡಿತು, ಮತ್ತು ಅದರ ಚಂದಕ್ಕೆ ಅವನೇ ಬೆರಗಾದ. ಎಲ್ಲ ಕಳವಿನಲ್ಲೂ ಒಂದು ಖಾಲಿ ಜಾಗ ಉಳಿಯುತ್ತದೆ, ಕಳ್ಳನನ್ನು ಹಿಡಿದುಕೊಡುವುದು ಅದೇ. ಇಲ್ಲಿ ಆ ಜಾಗದ ಮೇಲೆ ಮಣ್ಣು ಬಳಿಯಬೇಕೆಂದು ಮನೆಯವರೇ ತೀರ್ಮಾನಿಸಿದ್ದರು. ಬಳಿಯುವ ಕೈ ತನ್ನದಾದರೆ ಸಾಕು. ಕಳೆದುಕೊಂಡವರಿಗೆ ಕಳೆದುಕೊಂಡದ್ದು ಎಂದಿಗೂ ಗೊತ್ತಾಗುವುದಿಲ್ಲ; ಹೇಗೂ ಮಣ್ಣು ಪಾಲಾಗಬೇಕಾದದ್ದು ಉಳಿಯುತ್ತದೆ. ಇದನ್ನು ಅಪರಾಧ ಎನ್ನುವುದಕ್ಕೇ ಅವನಿಗೆ ಸಂಕೋಚವಾಯಿತು.

ಗೋಡೆಯ ಮೇಲೆ ತೆಳು ಮಲ್ಲು ಬಟ್ಟೆಯನ್ನು ಅಂಟಿನಿಂದ ಕೂರಿಸಿ, ಒಣಗಿದ ಮೇಲೆ ಎಳೆದರೆ, ಚಿತ್ರ ಮಣ್ಣಿನ ಸಿಪ್ಪೆಯೊಡನೆ ಬಟ್ಟೆಗೆ ಎದ್ದು ಬರುತ್ತದೆ. ಅಕ್ಕಿಹಿಟ್ಟಿಗೆ ನೀರು ತಾಗಬಾರದು. ಆದ್ದರಿಂದ ಸ್ಪಿರಿಟ್ಟಿನಲ್ಲಿ ಕರಗುವ ಅಂಟು ತರಿಸಿದ. ಹೊಸನಗರದಲ್ಲಿ ಬೀಳಲಿದ್ದ ಕೊಟ್ಟಿಗೆಯೊಂದರ ಗೋಡೆಯ ಮೇಲೆ ಅಭ್ಯಾಸ ಮಾಡಿದ. ಮೊದಲ ಸಲ ಹರಿಯಿತು, ಆಮೇಲೆ ಹರಿಯಲಿಲ್ಲ. ಚಿತ್ರವನ್ನು ಪ್ರೆಸ್ಸಿನ ಕಾಗದದ ಕೋಣೆಯಲ್ಲಿ ಸುತ್ತಿಡುವುದು, ಹುಲಿಯಮ್ಮ ಹೋಗಿ ನೆನಪುಗಳೂ ಹೋದ ಮೇಲೆ, ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಯಾವುದೋ ಊರಿನದೆಂದು ಹೊರತೆಗೆಯುವುದು. ಮುಳುಗಿದ ಊರಿಗೆ ಹೋಗಿ ವಿಚಾರಿಸುವವರಿಲ್ಲ.

ಗೋಡೆಯನ್ನು ತಾನೇ ಸಾರಿಸುತ್ತೇನೆ, ಅದು ಆ ಮನೆಗೆ ತನ್ನ ಸೇವೆ, ಆಮೇಲೆ ಚಿತ್ತಾರ ಬರೆಯುವುದರ ಫೋಟೋ ತೆಗೆಯುತ್ತೇನೆ ಎಂದು ಫೋನು ಮಾಡಿದಾಗ ಮಾರಪ್ಪನಿಗೆ ಅರ್ಧ ಖುಷಿ, ಅರ್ಧ ನಗು. "ಮಾಡಿ ಸರ್. ಗೋಡೆ ಸಾರ್ಸಕ್ಕೆ ಬಂದ್ರೆ ನಮ್ ಹೆಂಗಸ್ರು ನೆಲಾನೂ ಸಾರ್ಸಿ ಅಂತಾರೆ, ನೋಡ್ಕಳಿ."

ಮದುವೆಯ ಜವಳಿ ತರಲು ಮನೆಮಂದಿಯೆಲ್ಲ ಸಾಗರಕ್ಕೆ ಹೋಗುವ ದಿನವನ್ನು ಅವನು ಆರಿಸಿಕೊಂಡ. ಬೆಳಿಗ್ಗೆ ಅವರ ಟೆಂಪೋ ಹೊರಟಿತು. ಹುಲಿಯಮ್ಮ ಮಾತ್ರ ಜಗಲಿಯಲ್ಲಿ ಉಳಿದಳು. ಅದಕ್ಕೂ ಅವನು ಸಿದ್ಧನಾಗಿದ್ದ. ಕಣ್ಣಿಲ್ಲದವಳು ಬಾಗಿಲಲ್ಲಿ ಕೂತಿದ್ದರೆ ಅಕ್ಕಪಕ್ಕದವರು ಒಳಗೆ ಬರುವುದಿಲ್ಲ, ಅಲ್ಲಿಯೇ ಮಾತಾಡಿ ಹೋಗುತ್ತಾರೆ.

ಅಂಟು ಬಳಿದು, ಬಟ್ಟೆ ಒತ್ತಿ, ಮತ್ತೆ ಬಳಿದ.

"ಎಂತದೋ ವಾಸ್ನೆ?" ಎಂದು ಆಕೆ ಕೇಳಿದಳು.

"ನನ್ನದೇ ಅಮ್ಮ. ಪ್ರೆಸ್ಸಿನವರಿಗೆ ಇದು ಮೈಗೆ ಅಂಟಿರುತ್ತೆ."

"ಹೌದು, ನೀ ಬಂದ್ರೆ ವಾಸ್ನೇಲೇ ಗೊತ್ತಾತದೆ," ಎಂದು ನಕ್ಕಳು.

ಮಧ್ಯಾಹ್ನ ಅವನು ಬಟ್ಟೆಯ ಮೇಲಿನ ಅಂಚು ಹಿಡಿದು ಎಳೆಯತೊಡಗಿದ. ಒದ್ದೆ ತೊಗಟೆ ಮರ ಬಿಡುವಂಥ ಸದ್ದು. ದಂಡಿಗೆ ಬಂತು, ತೆನೆ ಬಂತು, ಹಕ್ಕಿಗಳು ಒಂದೂ ಮುರಿಯದೆ ಬಂದವು. ಅವನ ಕಣ್ಣು ತುಂಬಿತು, ಕೈ ಎಳೆಯುತ್ತಲೇ ಇತ್ತು. ಆ ಸದ್ದು ಎಂತದು ಎಂದು ಆಕೆ ಕೇಳಿದಾಗ, ಧೂಳು ಒರೆಸುವ ಬಟ್ಟೆ ಹರಿಯಿತು ಎಂದ. ಸುರುಳಿ ಸುತ್ತಿ, ಚಾಪೆಯೊಳಗಿಟ್ಟು, ಹಿತ್ತಲ ಬಾಗಿಲಿಂದ ಕಾರಿಗೆ ಸೇರಿಸಿದ. ಗೋಡೆ ಚರ್ಮ ಸುಲಿದಂತೆ ನಿಂತಿತ್ತು.

ಕೆಮ್ಮಣ್ಣು ಕಲಸುವ ಸದ್ದು ಕೇಳಿ ಹುಲಿಯಮ್ಮ ಜಗಲಿಯಿಂದಲೇ ಹೇಳಿದಳು: "ತೆಳ್ಳಗೆ ಸಾರ್ಸು ಮಗಾ. ಮಂದ ಮಾಡ್‌ಬ್ಯಾಡ."

ಮಣ್ಣಿಗೂ ಜಿಪುಣತನವೇ ಎಂದು ಅವನಿಗೆ ನಗು ಬಂತು. ಆಗಲಿ ಎಂದ. ಸುಲಿದ ಕಲೆಗಳನ್ನು ಮುಚ್ಚಬೇಕಾಗಿದ್ದರಿಂದ ಮಂದವಾಗಿಯೇ ಬಳಿದ. ಆಮೇಲೆ ನದಿಯ ನುಣುಪು ಕಲ್ಲು ಹಿಡಿದು ಉಜ್ಜಿದ, ಗೋಡೆ ತನ್ನ ಅತ್ಯುತ್ತಮ ಕಾಗದದಷ್ಟು ನಯವಾಗುವವರೆಗೆ. ಅಷ್ಟು ಬೇಕಾಗಿರಲಿಲ್ಲ. ಅರೆಬರೆ ಕೆಲಸ ಅವನ ಕೈಗೆ ಬರುತ್ತಿರಲಿಲ್ಲ, ಅಷ್ಟೆ. ಹಸಿ ಗೋಡೆಯನ್ನು ನಾಳೆ ಚಿತ್ತಾರದ ಹೊತ್ತಿನವರೆಗೆ ಆ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ ಎಂಬುದೂ ಅವನ ಲೆಕ್ಕದಲ್ಲಿತ್ತು.

ತೀರ್ಥಹಳ್ಳಿಗೆ ಬಂದು ಸುರುಳಿಯನ್ನು ಕಾಗದದ ಕೋಣೆಯಲ್ಲಿಟ್ಟು ಬೀಗ ಹಾಕಿದ. ಸಂತೋಷ ಬರಲಿ ಎಂದು ಕಾದ. ಬರಲಿಲ್ಲ. ಯಾರಿಗೂ ತೋರಿಸುವಂತಿಲ್ಲದ, ತಾನೂ ಬಿಚ್ಚಿ ನೋಡಲು ಅಂಜುವ ಇನ್ನೊಂದು ವಸ್ತು ಇತರ ವಸ್ತುಗಳ ಜೊತೆ ಸೇರಿಕೊಂಡಿತು. ಮರುದಿನ ಹೋಗದಿದ್ದರೆ ಅನುಮಾನ; ಹೋದ.

ಪಡಸಾಲೆ ತುಂಬ ಹೆಂಗಸರು ಹಾಡುತ್ತಿದ್ದರು. ಗೋಡೆ ಕಂಡು ಒಬ್ಬಳು, ಇಷ್ಟು ಚಂದ ಸಾರಿಸೋ ಗಂಡನ್ನ ನಮಗೂ ಹುಡುಕಿಕೊಡಿ ಎಂದಳು, ನಗೆಯೆದ್ದಿತು. ಅವನೂ ನಕ್ಕ. ಬರೆಯುವವಳು ಸ್ವಪ್ನಾ ಎಂದು ಅವನು ಮೊದಲಿನಿಂದಲೂ ಎಣಿಸಿದ್ದ. ಸ್ವಪ್ನಾ ಅಕ್ಕಿಹಿಟ್ಟಿನ ಬಟ್ಟಲು ಹಿಡಿದು ಬಂದು ನಿಂತಳು. ಪುಂಡಿ ನಾರಿನ ಕುಂಚ ಹುಲಿಯಮ್ಮನ ಕೈಯಲ್ಲಿತ್ತು.

ಕಣ್ಣಿಲ್ಲದೆ ಹೇಗೆ ಬರೆಯುತ್ತಾರೆ ಎಂದು ಅವನು ಕ್ಯಾಮೆರಾ ಸರಿಮಾಡುತ್ತಲೇ ಮಾರಪ್ಪನನ್ನು ಕೇಳಿದ. "ಹಳೇ ಗೆರೆ ಉಬ್ಬಿ ನಿಂತಿರ್ತದಲ್ಲ ಸರ್," ಎಂದ ಮಾರಪ್ಪ, "ತೆಳ್ಳಗೆ ಸಾರ್ಸಿದ್ರೆ ಮಣ್ಣಿನಡಿಗೆ ಬೆರಳಿಗೆ ಸಿಗ್ತದೆ. ಅದ್ರ ಮೇಲೇ ಎಳ್ಕಂಡು ಹೋಗ್ತಾಳೆ. ಕಣ್ಣು ಹೋದಾಗಿಂದ ಇದ್ನೇ ಹೇಳ್ತಿದ್ಲು, ಮೊಮ್ಮಗಳ ಮದ್ವೆಗೆ ನಾನೇ ಬರೀತೀನಿ ಅಂತ." ರವಿಶಂಕರನ ಕೈ ಕ್ಯಾಮೆರಾದ ಮೇಲೇ ನಿಂತಿತು. ಪ್ರೆಸ್ಸಿಗೆ ಬಂದವರಿಗೆಲ್ಲ ಅವನು ಕಲಿಸುತ್ತಿದ್ದ ಹಾಗೆಯೇ ಹುಲಿಯಮ್ಮನ ಎಡಗೈ ಬೆರಳು ಗೋಡೆಯ ಮೇಲೆ ಓಡಿತು. ಮೇಲೆ ಹೋಯಿತು, ಪಕ್ಕಕ್ಕೆ ಸರಿಯಿತು, ಕೆಳಗೆ ಬಂತು. ಎಲ್ಲೂ ಏನೂ ತಾಗಲಿಲ್ಲ. ಹಾಡು ಒಂದೊಂದೇ ಬಾಯಲ್ಲಿ ನಿಂತಿತು. ಆಕೆ ಕುಂಚವನ್ನು ಬಟ್ಟಲಿಗೆ ಮರಳಿಸಿ, ಸ್ಪಿರಿಟ್ಟಿನ ವಾಸನೆ ಬಂದ ಕಡೆಗೆ ಮುಖ ತಿರುಗಿಸಿದಳು. "ತೆಳ್ಳಗೆ ಸಾರ್ಸು ಅಂದಿದ್ನಲ್ಲ ಮಗಾ," ಎಂದಳು. "ನನ್ ಗೆರೆ ಎಲ್ಲಿಟ್ಟೆ?"