ವಸ್ತಾದರ ಫೋಟೋದ ಬೆನ್ನು

ಮಾರ್ಚ್ 4, ಮಂಗಳವಾರ, ಬೆಳಗ್ಗೆ 7:40. ಕೊಲ್ಹಾಪುರದ ಪೇಟೆ ಠಾಣೆಗೆ ಖಂಡೇರಾಯ ಗರಡಿಯ ಅಧ್ಯಕ್ಷ ಉದಯಸಿಂಹ ಇಂಗವಲೆ ಬಂದರು. ಒಬ್ಬ ಮುದುಕನ ತೋಳು ಹಿಡಿದು ಎಳೆದುಕೊಂಡೇ ಬಂದರು. ಮುದುಕ ಗರಡಿಯ ಕಾವಲುಗಾರ ಧೋಂಡಿರಾಮ, ವಯಸ್ಸು ಅರವತ್ತೆಂಟು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು.

"ನಮ್ಮ ಗರಡಿ ಗುರು, ವಸ್ತಾದ್ರ ಫೋಟೋ ಕಳುವಾಗೇತ್ರಿ. ಕಳ್ಳನ್ನ ನಾನ ತಂದೀನಿ, ಒಳಗ ಹಾಕ್ರಿ."

ಇನ್ಸ್‌ಪೆಕ್ಟರ್ ಮಂದಾಕಿನಿ ಶಿರ್ಕೆ ಮುದುಕನ ಕಡೆ ನೋಡಿದರು. "ಕಳುವಾಗೇತಿ ಅಂತ ಮೊದ್ಲು ಯಾರು ಹೇಳಿದ್ರು?"

"ನಾನ ಹೇಳೀನ್ರಿ ಬಾಯಿಸಾಹೇಬ್," ಎಂದ ಧೋಂಡಿರಾಮ. "ಇಪ್ಪತ್ತೆರಡು ವರ್ಷ ಆ ಗಾಜು ಒರಸೀನಿ. ವಸ್ತಾದ್ರು ಚಹಾದ ಬಣ್ಣಕ್ಕ ಬಂದಿದ್ರು. ಇವತ್ತ ನೋಡಿದ್ರ ಬೂದಿ ಬಣ್ಣ. ಅದ ಮೀಸಿ, ಅದ ಗದಾ. ಆದ್ರ ಆ ಮುದುಕ ಅಲ್ಲ."

"ನಾಟಕ ನೋಡ್ರಿ!"

"ಕಳ್ಳ ಆಗಿದ್ರ ನಾನ್ಯಾಕ ಬಾಯಿ ಬಿಡ್ತಿದ್ನಿ, ಸಾಹೇಬ್ರ? ನೀವು ಎಂದಾದ್ರೂ ಆ ಫೋಟೋದ ಕಡೆ ತಲಿ ಎತ್ತಿ ನೋಡೀರೇನು?"

ಇಂಗವಲೆ ಕೈ ಎತ್ತಿದರು. ಹವಾಲ್ದಾರ್ ಕಾಂಬಳೆ ನಡುವೆ ನಿಂತ.

"ಗರಡಿ ಕೀಲಿಕೈ ಎಷ್ಟು?" ಎಂದರು ಶಿರ್ಕೆ.

"ಎರಡು. ಒಂದು ಇವನ ಹತ್ರ, ಒಂದು ನಮ್ಮ ಮನ್ಯಾಗ."

"ನಿಮ್ಮದು ಯಾರಿಗಾದ್ರೂ ಕೊಟ್ಟಿದ್ರಾ?"

"ನನ್ನನ್ನ ಕೇಳ್ತೀರೇನ್ರಿ? ಸಂಜಿ ಆರಕ್ಕ ಸಮಿತಿ ಸಭಾ ಐತಿ. ಅಷ್ಟರಾಗ ಇವನ್ನ ಬಂಧಿಸ್ರಿ. ಇಲ್ಲಾಂದ್ರ ಇವನ ಖೋಲಿ ಖಾಲಿ ಮಾಡಸ್ತೀನಿ. ಆಮ್ಯಾಲೆ ನಮ್ಮ ಪೈಲವಾನ್ರು ಏನ್ ಮಾಡ್ತಾರೋ, ಅದು ನನ್ನ ಕೈಯಾಗಿಲ್ಲ."

8:05ಕ್ಕೆ ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು. ಧೋಂಡಿರಾಮನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಹೊರಗೆ ಬಿಟ್ಟರೆ ಹೊಡೆತ ತಿನ್ನುವುದು ಖಾತ್ರಿಯಿತ್ತು. ಆ ಖೋಲಿ ಬಿಟ್ಟರೆ ಅವನಿಗೆ ತಲೆ ಇಡಲು ಬೇರೆ ಜಾಗವೂ ಇರಲಿಲ್ಲ.

9:15. ಗರಡಿಯಲ್ಲಿ ಸ್ಥಳ ಪಂಚನಾಮೆ. ಚೌಕಟ್ಟನ್ನು ಇಬ್ಬರು ಪಂಚರ ಮುಂದೆ ಬಿಚ್ಚಿದರು. ಮೊಳೆ ಬಾಗಿರಲಿಲ್ಲ, ಮರ ಗೀಚಿರಲಿಲ್ಲ. ಹಿಂಭಾಗಕ್ಕೆ ಹೊಸ ಕಾಗದದ ಪಟ್ಟಿಯನ್ನು ಅಂಟಿಸಿದ್ದ ರೀತಿಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಒಳಗಿದ್ದ ಹಾಳೆ ದಪ್ಪ, ಬೆನ್ನು ಅಚ್ಚ ಬಿಳಿ. ಅರವತ್ತು ವರ್ಷದ ಹಾಳೆಯಲ್ಲ ಅದು. ಖೋಲಿಯ ಬಾಗಿಲಲ್ಲಿ ಧೋಂಡಿರಾಮನ ಹಾಸಿಗೆ ಸುರುಳಿ, ಸ್ಟೌ, ಒಂದು ತಗಡಿನ ಪೆಟ್ಟಿಗೆ ಆಗಲೇ ಬಿಸಿಲಲ್ಲಿ ಬಿದ್ದಿದ್ದವು. ಸಂಜೆಯವರೆಗೂ ಕಾಯುವ ಸೌಜನ್ಯ ಯಾರಿಗಿತ್ತು!

10:50. ಮೊದಲ ಪ್ರಿಂಟ್ ಅಂಗಡಿ. ಅಂಗಡಿಯವ ಭೂತಗನ್ನಡಿ ಇಟ್ಟು ನೋಡಿದ. "ಇಂಕ್‌ಜೆಟ್ಟು. ಶಾಯಿ ಚುಕ್ಕಿ ಕಾಣ್ತಾವು ನೋಡ್ರಿ." ಹೋಲಿಸಿ ನೋಡಲು, ಶಿರ್ಕೆಯವರ ಫೋನಿನಲ್ಲಿದ್ದ ಅದರ ಚಿತ್ರದಿಂದ ತಾನೂ ಒಂದು ನಕಲು ತೆಗೆದುಕೊಟ್ಟ. ಟ್ಯೂಬ್‌ಲೈಟಿನಡಿ ಎರಡೂ ಒಂದೇ ಥರ. ಬೀದಿಗೆ ತಂದರೆ ಅವನ ನಕಲಿನಲ್ಲಿ ವಸ್ತಾದರ ಕೆನ್ನೆ ಪಾಚಿ ಹಸಿರು.

11:40. ಎರಡನೆಯ ಅಂಗಡಿ. ಅಲ್ಲಿನ ನಕಲು ಬಿಸಿಲಿಗೆ ಬಂದ ಕೂಡಲೇ ಗುಲಾಬಿ.

"ವಸ್ತಾದ್ರು ಲಗ್ನಕ್ಕ ಹೊಂಟಂಗ ಕಾಣ್ತಾರ," ಎಂದ ಕಾಂಬಳೆ.

ಅಂಗಡಿಯ ಮುದುಕ ಬಾಪೂ ನಗಲಿಲ್ಲ. "ನಮ್ಮ ಯಂತ್ರ ಬಣ್ಣದ ಶಾಯಿ ಕಲಸಿ ಬೂದಿ ಮಾಡ್ತೇತ್ರಿ. ಬೆಳಕು ಬದಲಾದ್ರ ಬಣ್ಣ ಎದ್ದ ಏಳ್ತದ." ಅವನು ಗರಡಿಯ ಹಾಳೆ ಹಿಡಿದು ಬಿಸಿಲಿಗೆ, ನೆರಳಿಗೆ, ಮತ್ತೆ ದೀಪದಡಿಗೆ ನಡೆದ. ಮೂರು ಕಡೆಯೂ ಅದು ಬೂದಿಯಾಗಿಯೇ ಉಳಿಯಿತು. ಮುದುಕ ಅದನ್ನು ಎರಡೂ ಕೈಯಿಂದ ಮೇಜಿನ ಮೇಲೆ ಇಟ್ಟ.

"ಇದು ಬರೀ ಕರಿ ಶಾಯಿ. ಯಂತ್ರದ ಆರೂ ಶಾಯಿ ಡಬ್ಬಿಯಾಗ ಕರೀನ. ಒಂದು ಗಟ್ಟಿ, ಉಳಿದದ್ದು ತೆಳು, ಇನ್ನೂ ತೆಳು."

"ಇಷ್ಟು ಬಲ್ಲವ ಹಳೇ ಫೋಟೋದ ಕಂದು ಬಣ್ಣ ಯಾಕ ಹಾಕ್ಲಿಲ್ಲ? ಒಂದು ಹನಿ ಹಾಕಿದ್ರ ಯಾರಿಗೂ ಗೊತ್ತಾಗ್ತಿರ್ಲಿಲ್ಲ," ಎಂದರು ಶಿರ್ಕೆ.

"ಅವನ ಕೈ ಒಪ್ಪಂಗಿಲ್ರಿ. ಬಣ್ಣ ಓಡಸಾಕ ಎಂಟು ವರ್ಷ ಹೆಣಗ್ಯಾನ."

"ಯಾರು?"

ಬಾಪೂ ತುಟಿ ಕಚ್ಚಿದ. ಮಾತು ಜಾರಿಹೋಗಿತ್ತು.

"ಒಬ್ಬ ಮುದುಕನ ಸಾಮಾನು ಬೀದ್ಯಾಗ ಬಿದ್ದಾವ, ಬಾಪೂ."

"...ಮುಕುಂದ ಕಾಶೀದ. ರಂಕಾಳ ಕೆರೀ ಹತ್ರ."

2:30. ಮುಕುಂದನ ಮನೆ ಒಂದೇ ಕೋಣೆ. ಹಗ್ಗದ ಮೇಲೆ ಪಟ್ಟಿ ಪಟ್ಟಿಯಾಗಿ ಬೂದಿ ಬಣ್ಣದ ಹಾಳೆಗಳು, ಒಂದೊಂದರ ಮೇಲೂ ತಾರೀಕು. ಮನುಷ್ಯನಿಗೆ ನಲವತ್ತರ ಆಸುಪಾಸು, ಉಗುರಿನ ಸಂದಿಯೆಲ್ಲ ಕಪ್ಪು.

"ಗರಡಿಗೆ ಹೋಗಿದ್ಯಾ?"

"ಹೋದ ತಿಂಗಳು. ಗರಡಿ ಸ್ಮರಣ ಸಂಚಿಕೆಗೆ ಗ್ವಾಡಿ ಮ್ಯಾಲಿನ ಫೋಟೋಗಳ ಚಿತ್ರ ಎಲ್ಲಾ ತಗೀಬೇಕಿತ್ತು."

"ಮತ್ತ?"

"ನಿನ್ನೆ ಮಧ್ಯಾಹ್ನ. ಎರಡು ಚಿತ್ರ ಸರಿ ಬಂದಿರ್ಲಿಲ್ಲ."

"ಬಾಗಿಲು ಯಾರು ತೆಗೆದ್ರು?"

"ಧೋಂಡಿರಾಮ ಮಾಮಾ ಇರ್ಲಿಲ್ಲ. ಇಂಗವಲೆ ಸಾಹೇಬ್ರು ಕೀಲಿಕೈ ಕಳಿಸಿದ್ರು. ಅವರಿಗೆ ಊಟದ ಹೊತ್ತು, ಎದ್ದು ಬರಾಕ ಬ್ಯಾಸರ."

ಕಾಂಬಳೆ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಶಿರ್ಕೆಯವರ ಮುಖ ನೋಡಿದ.

"ಅಸಲು ಫೋಟೋ ಎಲ್ಲಿ?"

"ನನಗೇನು ಗೊತ್ರಿ."

"ಆತು. ಹಂಗಾದ್ರ ಧೋಂಡಿರಾಮ ಮಾಮಾನ ಮ್ಯಾಲೆ ಬರ್ತದ. ಮುಂಜಾನಿಂದ ಠಾಣ್ಯಾಗ ಕೂತಾನ. ಆರಕ್ಕ ಅವನ ಖೋಲಿನೂ ಹೋಗ್ತದ."

ಮುಕುಂದ ಗೋಡೆಗೆ ಕೈ ಊರಿದ. "ಮಾಮಾನ ಮ್ಯಾಲಾ? ಅವ ಏನ್ ಮಾಡ್ಯಾನ? ಯಾರಿಗೂ ಗೊತ್ತಾಗಬಾರದಿತ್ರಿ. ಗ್ವಾಡಿ ಖಾಲಿ ಕಾಣಬಾರದಂತ ಹದಿನೆಂಟು ಸಲ ಪ್ರಿಂಟ್ ತಗದೀನಿ."

ಅವನು ಮಂಚದ ಕೆಳಗೆ ಬಗ್ಗಿ, ಎರಡು ಪ್ಲೈವುಡ್ ಹಲಗೆಯ ನಡುವೆ ಬಟ್ಟೆ ಸುತ್ತಿ ಇಟ್ಟಿದ್ದ ಫೋಟೋ ತೆಗೆದ. ಮೇಜಿನ ಮೇಲೆ ಅದನ್ನು ಮಗುಚಿ ಇಟ್ಟ.

ಬೆನ್ನ ಮೇಲೆ ಪೆನ್ಸಿಲ್ ಬರಹ: "ಫೋಟೋ ತೆಗೆದವನು, ತೊಳೆದವನು ವಿಠ್ಠಲ ಕಾಶೀದ. 12-11-1961."

ಗರಡಿಯ ಚೌಕಟ್ಟಿನ ಹಿತ್ತಾಳೆ ಪಟ್ಟಿಯ ಮೇಲೆ ಇದ್ದದ್ದು ಸ್ಟುಡಿಯೋ ಮಾಲೀಕನ ಹೆಸರು. ಮುಕುಂದನ ಅಪ್ಪ ವಿಠ್ಠಲ ಅಲ್ಲಿ ಸಂಬಳದ ಆಳು. ಹೋದ ವರ್ಷ ಸಾಯುವ ಮುಂಚೆ ಮಗನಿಗೆ ಇದೊಂದೇ ಮಾತು ಹೇಳಿದ್ದ: ಬೆನ್ನ ಮೇಲೆ ನನ್ನ ಹೆಸರೈತಿ.

"ಮೂರು ಸಲ ಕೈ ಮುಗದೀನ್ರಿ. ಒಂದ ಸಲ ಬಿಚ್ಚಿ ತೋರಸ್ರಿ ಅಂತ. ಸ್ಟುಡಿಯೋದಾಗ ನೀರು ಹಾಕೋನ ಮಗಗ ಎಷ್ಟು ಸೊಕ್ಕು ಅಂದ್ರು ಇಂಗವಲೆ. ನನಗ ವಸ್ತಾದ್ರ ಮುಖ ಬ್ಯಾಡಾಗಿತ್ತು. ಈ ಬೆನ್ನು ಬೇಕಾಗಿತ್ತು."

4:10. ಜಪ್ತಿ ಪಂಚನಾಮೆ ಶುರುವಾಯಿತು. ಉದ್ದ, ಅಗಲ, ಎಡ ಮೂಲೆಯ ಕಲೆ. ಮುಕುಂದ ಕಾಂಬಳೆಯ ಪೆನ್ನನ್ನೇ ನೋಡುತ್ತಿದ್ದ.

"ಹಿಂದ ಬರದದ್ದನ್ನೂ ಬರೀತೀರೇನ್ರಿ?"

"ಕಂಡದ್ದೆಲ್ಲಾ ಬರೀಬೇಕು," ಎಂದರು ಶಿರ್ಕೆ. "ಕಾಂಬಳೆ, ಅಕ್ಷರ ಬಿಡಬ್ಯಾಡ."

4:40ಕ್ಕೆ ಮುಕುಂದನ ಬಂಧನ. 5:25ಕ್ಕೆ ಇಂಗವಲೆಯವರನ್ನು ಸೊತ್ತು ಗುರುತಿಸಲು ಠಾಣೆಗೆ ಕರೆಸಿದರು. ಫೋಟೋ ತಮ್ಮದೇ ಎಂದರು. ಶಿರ್ಕೆ ಕಾಗದ ಮುಂದೆ ತಳ್ಳಿದರು.

"ಪೂರಾ ಓದಿ ಸಹಿ ಮಾಡ್ರಿ. ಜೋರಾಗಿ ಓದ್ರಿ. ಕಾನೂನು."

ಅಂಥ ಕಾನೂನು ಯಾವುದೂ ಇಲ್ಲ. ಇಂಗವಲೆ ಓದಿದರು. ವಿಠ್ಠಲ ಕಾಶೀದನ ಹೆಸರನ್ನೂ ಜೋರಾಗಿಯೇ ಓದಿ, ಅದರ ಕೆಳಗೇ ಸಹಿ ಮಾಡಿದರು.

"ಇನ್ನು ನಿಮ್ಮ ಕೀಲಿಕೈ ವಿಚಾರ. ನಾಳೆ ಹತ್ತಕ್ಕ ಬಂದು ಹೇಳಿಕೆ ಕೊಡ್ರಿ. ಈಗ ಹೋಗಿ ಮಾಮಾನ ಹಾಸಿಗಿ ಒಳಗ ಇಡ್ರಿ. ಕಾಂಬಳೆ ನಿಮ್ಮ ಜೊತಿ ಬರ್ತಾನ."

"ನಾನಾ? ನನ್ನ ಕೈಯಿಂದ?"

ಧೋಂಡಿರಾಮ ಬೆಂಚಿನಿಂದ ಎದ್ದ. "ಸ್ಟೌ ಹುಷಾರು, ಸಾಹೇಬ್ರ. ಅದರಾಗ ಎಣ್ಣಿ ಐತಿ."