ಮುನ್ನೂರು ಮೀಟರಿನ ಗೆರೆ

ಫಾರೆಸ್ಟ್ ಗಾರ್ಡ್ ಕಾಲುವೆಯ ಏರಿ ಮೇಲೆ ಅಂಗಾತ ಬಿದ್ದಿದ್ದ. ಎದೆಯ ನಟ್ಟನಡುವೆ ಒಂದೇ ಒಂದು ತೂತು. ಸೈಕಲ್ಲು ಪಕ್ಕದಲ್ಲೇ ಸ್ಟ್ಯಾಂಡ್ ಹಾಕಿ ನಿಂತಿತ್ತು. ನೀರು ಕುಡಿಯಲು ನಿಂತವನಿರಬೇಕು, ಬಾಟಲಿಯ ಮುಚ್ಚಳ ಇನ್ನೂ ಎಡಗೈಯಲ್ಲಿತ್ತು.

ಸಬ್ ಇನ್ಸ್‌ಪೆಕ್ಟರ್ ಮಂಡಿಯೂರಿ ನೋಡಿದಳು. ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿತ್ತು.

"ಪಂಪ್ ಶೆಡ್ಡಿಂದ ಹೊಡೆದಿದಾರೆ ಮೇಡಂ," ಎಂದು ಕಾನ್‌ಸ್ಟೇಬಲ್ ಏದುಸಿರು ಬಿಡುತ್ತ ಬಂದ. ಅವನನ್ನು ಠಾಣೆಯಲ್ಲಿ ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. "ಖಾಲಿ ತೋಟಾ ಅಲ್ಲೇ ಬಿದ್ದಿದೆ. ಅಳೆದೆ. ಮುನ್ನೂರು ಮೀಟರ್."

"ಬಂದೂಕು?"

"ಅದೂ ಅಲ್ಲೇ ಇದೆ, ಮೇಲೆ ದುರ್ಬೀನಿನಂಥ ಸ್ಕೋಪ್ ಸಮೇತ. ಪಕ್ಕದಲ್ಲಿ ಡುಮ್ಮ ಗೊರಕೆ ಹೊಡೀತಿದಾನೆ. ಇದಕ್ಕಿಂತ ಸಲೀಸಾದ ಕೇಸು ಸಿಗಲ್ಲ ಮೇಡಂ. ಕೊಲೆಗಾರ ಹಾಸಿಗೆ ಸಮೇತ ಸಿಕ್ಕಿದಾನೆ."

ಡುಮ್ಮನೂ ಅವನ ಅಣ್ಣ ಕೊಕ್ಕರೆಯೂ ಬೆಳೆ ಹಾಳುಮಾಡುವ ಹಂದಿಗಳನ್ನು ಪರವಾನಗಿ ಪಡೆದು ಹೊಡೆಯುವವರು. ಹಂದಿಯ ನೆಪದಲ್ಲಿ ಜಿಂಕೆಯನ್ನೂ ಹೊಡೆದಿದ್ದರು. ಅದನ್ನು ಕಣ್ಣಾರೆ ಕಂಡ ಗಾರ್ಡ್ ಮುಂದಿನ ವಾರ ಕೋರ್ಟಿನಲ್ಲಿ ಸಾಕ್ಷಿ ಹೇಳುವವನಿದ್ದ.

ಠಾಣೆಯಲ್ಲಿ ಡುಮ್ಮ ತಲೆ ತಗ್ಗಿಸಿ ಕುಳಿತ. ಗಿಡ್ಡ ಆಳು. ಕತ್ತು ಭುಜದೊಳಗೆ ಹೂತುಹೋದಂತಿತ್ತು.

"ಹೊಡೆದಿದ್ದು ನೀನೇನಾ?"

"ಕುಡಿದಿದ್ದೆ ಮೇಡಂ. ಏನೂ ನೆನಪಿಲ್ಲ." ಸ್ವಲ್ಪ ತಡೆದು ಕೇಳಿದ. "ಅಮ್ಮ ಏನಂದ್ರು?"

"ಕಾನ್‌ಸ್ಟೇಬಲ್ ಹೋಗಿ ಕೇಳಿದಾಗ ನೀನೇ ಅಂದ್ರಂತೆ."

"ಹಾಗಾದ್ರೆ ನಾನೇ ಹೊಡೆದಿರ್ತೀನಿ."

ಅವಳು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. ಇವನ ಮೇಲೆ ಕೇಸು ನಿಂತರೆ ಜೀವಾವಧಿ ಖಂಡಿತ. ಇವನೋ ತನ್ನ ಪರವಾಗಿ ಒಂದು ಮಾತೂ ಆಡುವವನಲ್ಲ.

* * *

ಮನೆಯಲ್ಲಿ ತಾಯಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ತುಳಿಯುವುದನ್ನು ನಿಲ್ಲಿಸಲಿಲ್ಲ. ಕೊಕ್ಕರೆ ಬಾಗಿಲಿಗೆ ಒರಗಿ ನಿಂತಿದ್ದ. ಹೆಸರಿಗೆ ತಕ್ಕ ಉದ್ದ ಕತ್ತು.

"ಸ್ಕೋಪ್ ಆರಿಸಿದ್ದು ಅವನು, ಕೂರಿಸಿಕೊಂಡು ಬಂದಿದ್ದೂ ಅವನು," ಎಂದ. "ನಾನು ಅದರೊಳಗೆ ಕಣ್ಣಿಟ್ಟು ಕೂಡ ನೋಡಿಲ್ಲ. ಅದು ಬಂದ ಮೇಲೆ ಬಂದೂಕಿನ ಕೆಲಸವೆಲ್ಲ ಅವನದೇ. ನನ್ನದು ವ್ಯವಹಾರ ಮಾತ್ರ."

"ಹೌದೇನಮ್ಮಾ?"

"ಹೌದು. ಚಿಕ್ಕವನೇ." ಸೂಜಿ ಟಕಟಕ ಓಡಿತು. "ಮೊದಲಿಂದಲೂ ಅವನು ಹಾಗೇ."

"ಹಾಗೇ ಅಂದ್ರೆ?"

ತಾಯಿ ದಾರ ಕಚ್ಚಿ ಕತ್ತರಿಸಿದಳು.

* * *

ಬಂದೂಕು ರಿಪೇರಿ ಅಂಗಡಿಯಲ್ಲಿ ಎಣ್ಣೆಯ ವಾಸನೆ. ಸ್ಕೋಪ್ ಕೂರಿಸಿದವನು ಅದನ್ನು ನೋಡಿದ ಕೂಡಲೇ ಗುರುತಿಸಿದ. ತಂದವನು ಯಾರೆಂದು ಕೇಳಿದರೆ ಮಾತ್ರ ಹೇಳಲಿಲ್ಲ.

"ಕಣ್ಣು ಮಂಜು ಮೇಡಂ."

"ಮಂಜುಗಣ್ಣಲ್ಲೇ ಇಷ್ಟು ನಾಜೂಕಿನ ಕೆಲಸ ಮಾಡ್ತೀರಾ?"

"ನನಗೂ ಹೆಂಡತಿ ಮಕ್ಕಳಿದಾರೆ. ಆ ಮನೆಯವರ ಗೊಡವೆ ನನಗೆ ಬೇಡ. ಕೆಲಸದ ವಿಷಯ ಕೇಳಿ, ಹೇಳ್ತೀನಿ."

ಅವಳು ಕೇಳಿದಳು. ಸ್ಕೋಪಿನೊಳಗೆ ಎರಡು ಗೆರೆ ಕೂಡುವಲ್ಲಿ ಗುರಿ. ಅದರ ಕೆಳಗೆ ಒಂದರಡಿ ಒಂದು ಸಣ್ಣ ಗೆರೆಗಳು. ದೂರ ಹೋದಷ್ಟೂ ಗುಂಡು ಇಳಿಯುತ್ತದೆ. ನೂರು ಮೀಟರಿಗೆ ನಡುವಿನ ಗುರಿ, ಇನ್ನೂರಕ್ಕೆ ಮೊದಲ ಗೆರೆ, ಮುನ್ನೂರಕ್ಕೆ ಎರಡನೆಯದು.

"ಆದರೆ ಈ ಸ್ಕೋಪಲ್ಲಿ ಆ ಲೆಕ್ಕ ಪೂರ್ತಿ ಜೂಮ್‌ನಲ್ಲಿ ಮಾತ್ರ ಸರಿ," ಎಂದ ಅವನು. "ಜೂಮ್ ಇಳಿಸಿ ಅದೇ ಗೆರೆ ಹಿಡಿದರೆ ಗುಂಡು ತಲೆ ಮೇಲೆ ಹಾರಿಹೋಗುತ್ತೆ."

"ಕೂರಿಸೋದು ಹೇಗೆ?"

"ಗಿರಾಕಿ ಕಣ್ಣು ಮುಚ್ಚಿ ಬಂದೂಕು ಹೆಗಲಿಗಿಡಬೇಕು. ಕಣ್ಣು ಬಿಟ್ಟ ಕೂಡಲೇ ಪೂರ್ತಿ ಜೂಮ್‌ನಲ್ಲೂ ಚಿತ್ರ ಅಂಚಿನವರೆಗೆ ತುಂಬಿ ಕಾಣಬೇಕು. ಕಾಣದಿದ್ದರೆ ಸ್ಕೋಪನ್ನ ಹಿಂದೆ ಮುಂದೆ ಸರಿಸ್ತೀನಿ. ಸರಿಹೋದ ಮೇಲೆ ತಿರುಪು ಬಿಗಿದು ಅದರ ಮೇಲೆ ಕೆಂಪು ಬಣ್ಣ ಎಳೀತೀನಿ. ತಿರುಪು ಒಂದು ಚೂರು ತಿರುಗಿದ್ರೂ ಬಣ್ಣ ಸೀಳುತ್ತೆ."

ಬಣ್ಣ ಎಲ್ಲೂ ಸೀಳಿರಲಿಲ್ಲ. ಅವಳು ಜೂಮ್ ಪೂರ್ತಿ ಏರಿಸಿ, ಕಣ್ಣು ಮುಚ್ಚಿ ಬಂದೂಕು ಎತ್ತಿದಳು. ಕಣ್ಣು ಬಿಟ್ಟಳು. ಸುತ್ತಲೂ ಕಪ್ಪು, ನಡುವೆ ಅಂಗಿಯ ಗುಂಡಿಯಷ್ಟು ಬೆಳಕು. ಕತ್ತನ್ನು ಎಷ್ಟು ಚಾಚಿದರೂ ಸಾಲದು.

"ಚಪ್ಪಲಿ ಇದ್ದ ಹಾಗೆ ಮೇಡಂ," ಎಂದು ಅಂಗಡಿಯವನು ನೆಲ ನೋಡುತ್ತ ಹೇಳಿದ. "ಒಬ್ಬರ ಅಳತೆ ಇನ್ನೊಬ್ಬರಿಗೆ ಆಗಲ್ಲ."

* * *

ಮಧ್ಯಾಹ್ನ ತಾಯಿ ಮಕ್ಕಳು ಮೂವರನ್ನೂ ತನ್ನ ಕೋಣೆಗೆ ಕರೆಸಿದಳು. ಬಂದೂಕು ಖಾಲಿ ಇದೆಯೆಂದು ಮೀಸೆ ಎಲ್ಲರಿಗೂ ತೋರಿಸಿದ. ಕಿಟಕಿಯಾಚೆ, ಬಯಲಿನ ಕೊನೆಯಲ್ಲಿ ನೀರಿನ ಟ್ಯಾಂಕು. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು.

ಅವಳು ಜೂಮ್ ಪೂರ್ತಿ ಏರಿಸಿ ಡುಮ್ಮನ ಕೈಗಿತ್ತಳು. "ಓದು."

ಡುಮ್ಮ ಹೆಗಲಿಗಿಟ್ಟ. ಕೆನ್ನೆ ಒತ್ತಿದ, ಮೂತಿ ಮುಂದೆ ತಂದ. "ಕಪ್ಪಗಿದೆ ಮೇಡಂ. ಏನೂ ಕಾಣ್ತಿಲ್ಲ."

"ನಾಟಕ," ಎಂದ ಕೊಕ್ಕರೆ. "ಬೇಕಂತಲೇ ಕುರುಡನ ಹಾಗೆ ಆಡ್ತಿದಾನೆ."

ಅವಳು ಬಂದೂಕು ತೆಗೆದುಕೊಂಡು, ಜೂಮ್ ಪೂರ್ತಿ ಇಳಿಸಿದಳು. "ಇರಬಹುದು. ನನಗೂ ಕಾಣಲಿಲ್ಲ. ಸ್ಕೋಪೇ ಕೆಟ್ಟಿರಬೇಕು."

"ಕೆಡೋಕೆ ಅದೇನು ಆಟದ ಸಾಮಾನಾ? ಕೊಡಿ ಇಲ್ಲಿ." ಬಂದೂಕು ಮೇಲೇರುವಾಗಲೇ ಕೊಕ್ಕರೆಯ ಎಡಗೈ ಜೂಮಿನ ಬಳೆಯನ್ನು ಕೊನೆಯವರೆಗೆ ತಿರುಗಿಸಿತ್ತು. ಕಣ್ಣು ಅತ್ತ ಹೋಗಲೇ ಇಲ್ಲ. "ಅನುಮತಿ ಇಲ್ಲದೆ ಏಣಿ ಹತ್ತಬಾರದು. ಸಾಕಾ?"

ಮೀಸೆ ಮೆಲ್ಲಗೆ ಬಾಗಿಲಿಗೆ ಅಡ್ಡ ನಿಂತ.

"ಕಣ್ಣೇ ಇಟ್ಟಿಲ್ಲದ ಸ್ಕೋಪು ಎಷ್ಟು ಚೆನ್ನಾಗಿ ಕೈಗೆ ಕೂತಿದೆ," ಎಂದಳು ಅವಳು.

ಕೊಕ್ಕರೆ ಬಂದೂಕನ್ನು ಮೇಜಿನ ಮೇಲೆ ಇಟ್ಟ. "ಓದಿದ್ದಕ್ಕೆ ಕೊಲೆಗಾರ ಆಗ್ತೀನಾ? ಅವನೂ ಜೂಮ್ ಇಳಿಸಿದ್ರೆ ಕಾಣುತ್ತೆ."

"ಕಾಣುತ್ತೆ. ಆದ್ರೆ ಆಗ ಮುನ್ನೂರರ ಗೆರೆ ಸುಳ್ಳು ಹೇಳುತ್ತೆ. ಗುಂಡು ಗಾರ್ಡ್‌ನ ಟೋಪಿ ಮೇಲಿಂದ ಹೋಗ್ತಿತ್ತು. ಅದು ಎದೆಯ ನಡುವೆ ಬಿದ್ದಿದೆ, ಅದೂ ಒಂದೇ ಏಟಿಗೆ. ಅಂದ್ರೆ ಪೂರ್ತಿ ಜೂಮ್. ಪೂರ್ತಿ ಜೂಮ್‌ನಲ್ಲಿ ನಿನ್ನ ತಮ್ಮ ಕುಡಿದಿರಲಿ, ಬಿಡಲಿ, ಕುರುಡ. ಸ್ಕೋಪ್ ಕೂರಿಸಿದ ಮೇಲೆ ತಿರುಪು ಅಲುಗಿಲ್ಲ. ಅದನ್ನ ನಿನ್ನ ಕತ್ತಿಗೆ ಅಳತೆ ತೆಗೆದು ಕೂರಿಸಿದಾರೆ. ಬೆಳಿಗ್ಗೆ ನೀನು ಹೋದೆ, ಹೊಡೆದೆ, ಮಲಗಿದ್ದವನ ಪಕ್ಕದಲ್ಲಿ ಬಂದೂಕು ಇಟ್ಟು ಬಂದೆ."

ಕೊಕ್ಕರೆ ತಾಯಿಯ ಕಡೆ ನೋಡಿದ. ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಗಾರ್ಡ್ ಬಾಯಿ ಬಿಟ್ಟಿದ್ರೆ ಪರವಾನಗಿ ಹೋಗ್ತಿತ್ತು," ಎಂದ ಕೊನೆಗೆ. "ಎಲ್ಲರ ಅನ್ನಕ್ಕೂ ಕಲ್ಲು ಬೀಳ್ತಿತ್ತು. ಇವನದೂ ಸೇರಿ."

ಮೀಸೆ ಅವನನ್ನು ಒಳಗೆ ಕರೆದೊಯ್ದ.

"ನಿಮಗೆ ಗೊತ್ತಿತ್ತು," ಎಂದಳು ಅವಳು ತಾಯಿಗೆ.

"ಬೆಳಿಗ್ಗೆ ಬಂದು ಕಾಲು ತೊಳೆದ. ಕೇಳಿದೆ, ಹೇಳಿದ." ತಾಯಿಯ ಕಣ್ಣಲ್ಲಿ ನೀರಿರಲಿಲ್ಲ. "ಇಬ್ಬರಲ್ಲಿ ಒಬ್ಬ ಹೋಗಲೇಬೇಕಿತ್ತು. ದುಡಿಯೋನು ಹೋದ್ರೆ ನನಗ್ಯಾರು? ನೀವು ದುಡಿಯೋನನ್ನೇ ಹಿಡಿದ್ರಿ."

ಡುಮ್ಮ ಅಲ್ಲೇ ನಿಂತಿದ್ದ. ಎಲ್ಲವನ್ನೂ ಕೇಳಿದ್ದ.

* * *

ತಾಯಿಯ ಮೇಲೂ ಸುಳ್ಳು ಹೇಳಿಕೆಯ ಕೇಸು ಬರೆದು, ಕರೆದಾಗ ಬರಬೇಕೆಂದು ಹೇಳಿ ಕಳಿಸಿದ್ದಾಯಿತು. ಸಬ್ ಇನ್ಸ್‌ಪೆಕ್ಟರ್ ಕಿಟಕಿಯಿಂದ ನೋಡಿದಳು. ತಾಯಿ ಗೇಟಿನ ಹೊರಗೆ ಆಟೋದಲ್ಲಿ ಕುಳಿತಿದ್ದಳು. ಡುಮ್ಮ ಹತ್ತಿರ ಹೋಗಿ ನಿಂತ.

"ನಾನಲ್ಲ ಅಂತ ನಿಂಗೆ ಗೊತ್ತಿತ್ತಲ್ಲಮ್ಮಾ."

"ಗೊತ್ತಿತ್ತು. ಹತ್ತು, ಮೀಟರ್ ಓಡ್ತಿದೆ. ನಾಳೆಯಿಂದ ಮನೆ ನೀನೇ ನೋಡ್ಕೋಬೇಕು. ಕುಡಿಯೋದು ಬಿಡು."

ಡುಮ್ಮ ಆಟೋದ ಸರಳು ಹಿಡಿದು ನಿಂತ. ಆಮೇಲೆ ಹತ್ತಿ, ತಾಯಿಯ ಪಕ್ಕದ ಜಾಗ ಬಿಟ್ಟು ಡ್ರೈವರನ ಪಕ್ಕ ಮುದುಡಿ ಕುಳಿತ.